ಎಡಗಡೆಯ ಸೀಟು

ಗ್ಯಾಸಿನ ಪುಸ್ತಕ ಹುಡುಕಲು ಟ್ರಂಕು ತೆರೆದರೆ ಗ್ಯಾಸಿನ ಪುಸ್ತಕವೊಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಮೊನ್ನೆ ಸಿಕ್ಕಿದ್ದು ಬೂದು ಬಣ್ಣದ ಎರಡು ಪುಟ್ಟ ಪುಸ್ತಕಗಳು. ಒಂದರಲ್ಲಿ ನಮ್ಮವರ ಫೋಟೋ, ಇನ್ನೊಂದರಲ್ಲಿ ನನ್ನದು. ಹೊರದೇಶದಲ್ಲಿ ಗಾಡಿ ಓಡಿಸಲು ಆರ್‌ಟಿಓ ಕಚೇರಿಯಲ್ಲಿ ಕೊಡುವ ಪರವಾನಗಿ ಅದು. ಅದರ ಆಯುಷ್ಯ ಒಂದೇ ವರ್ಷ, ಮುಗಿದು ಎಷ್ಟೋ ಕಾಲವಾಯಿತು. ಫೋಟೋದಲ್ಲಿನ ನನ್ನ ಮುಖ ನೋಡಿ ನನಗೇ ಕನಿಕರ ಬಂತು. ಸ್ಟುಡಿಯೋದವನು ಮೂರು ಸಲ "ಟೀಚರ್, ಸ್ವಲ್ಪ ಸಡ್ಲ ಬಿಡಿ ಮುಖ" ಅಂದಿದ್ದ. ಮಸ್ಕತ್ತಿನ ರಸ್ತೆಯಲ್ಲಿ ಸಾಯುವುದು ಹೇಗಿರುತ್ತದೆ ಎಂದು ಯೋಚಿಸುತ್ತ ಕೂತವಳು ಮುಖ ಸಡಿಲ ಬಿಡುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಹೆದರುಪುಕ್ಕಲಿ. ಅಂಕೋಲೆಯಲ್ಲಿ ಬೆಳೆದವಳು. ರಜೆ ಬಂದರೆ ಅಮ್ಮನ ಜತೆ ಬಸ್ಸಿನಲ್ಲಿ ಕಾರವಾರದ ಅಜ್ಜಿಮನೆಗೆ ಹೋಗುವುದು ವಾಡಿಕೆ. ಬಿಣಗಾ ಘಟ್ಟ ಬಂತೆಂದರೆ ಅಮ್ಮ ಮೂಗಿಗೆ ಲಿಂಬೆಹಣ್ಣು ಹಿಡಿದು ಕಣ್ಣು ಮುಚ್ಚುತ್ತಿದ್ದಳು. ನಾವಿಬ್ಬರೂ ಕಣ್ಣು ಮುಚ್ಚಿದರೆ ಬಸ್ಸಿನ ಗತಿ ಏನು? ನಾನು ಡ್ರೈವರನ ಹಿಂದಿನ ಕಂಬಿ ಹಿಡಿದು ನಿಂತು, ರೆಪ್ಪೆ ಬಡಿಯದೆ ರಸ್ತೆ ನೋಡುತ್ತಿದ್ದೆ. ನೋಡಿದ್ದನ್ನು ಹೇಳದೆ ಇರಲು ಆಗುತ್ತಿರಲಿಲ್ಲ. "ದನ", "ತಿರುವು", "ಮುದ್ಕ ಬಂದ" ಎಂದು ವರದಿ ಒಪ್ಪಿಸುತ್ತ, ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿದ್ದೆ. ಒಮ್ಮೆ ಡ್ರೈವರ್ ಗಾಡಿ ನಿಲ್ಲಿಸಿ ತಿರುಗಿ ನೋಡಿ, "ಈ ಹುಡ್ಗೀನ ಹಿಂದಿನ ಸೀಟಿಗೆ ಕೂಡ್ಸಿ ಅಮ್ಮಾ, ಇಲ್ದಿದ್ರೆ ಇವ್ಳೇ ಬಂದು ಹೊಡೀಲಿ" ಅಂದ. ಬಸ್ಸೆಲ್ಲ ನಕ್ಕಿತು. ಅಮ್ಮನಿಗೆ ಅವಮಾನವಾಗಿ, ಅಜ್ಜಿಮನೆ ಮುಟ್ಟುವವರೆಗೂ ನನ್ನ ಜಡೆ ಅವಳ ಕೈಯಲ್ಲೇ ಇತ್ತು.

ಈ ಚಾಳಿ ದೊಡ್ಡವಳಾದ ಮೇಲೂ ಹೋಗಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಾದೆ, ಭಯವನ್ನು ಲೆಕ್ಕ ಹಾಕಿ ಪಡುವುದನ್ನು ಕಲಿತೆ. ಇಷ್ಟು ವೇಗದಲ್ಲಿ ಎದುರಿನ ಲಾರಿ ಎಷ್ಟು ಸೆಕೆಂಡಿಗೆ ನಮ್ಮನ್ನು ಮುಟ್ಟುತ್ತದೆ ಎಂಬುದು ನನಗೆ ಸದಾ ತಿಳಿದಿರುತ್ತಿತ್ತು. ತಿಳಿದು ಉಪಕಾರವೇನೂ ಆಗಿಲ್ಲ.

ನಮ್ಮವರು ನನಗೆ ತದ್ವಿರುದ್ಧ. ಕಾರವಾರ ಬೈತಖೋಲದ ಮೀನುಗಾರರ ಮನೆಯವರು. ನೌಕರಿ ಮಲ್ಲಾಪುರದ ಸ್ಟೋರಿನಲ್ಲಾದರೂ ಬೆಳೆದದ್ದು ದೋಣಿಯಲ್ಲಿ. ಮಾವನವರು ತಾಂಡೇಲರು, ಅಂದರೆ ದೋಣಿ ನಡೆಸುವ ಹಿರಿಯರು. ಸಮುದ್ರದಲ್ಲಿ ರಸ್ತೆ ಇಲ್ಲ, ಗುರುತು ಮಾತ್ರ ಇರುವುದು. ಗುಡ್ಡದ ತುದಿ ದೀಪಸ್ತಂಭದ ನೇರಕ್ಕೆ ಬಂದರೆ ಇಲ್ಲಿ ಬಂಡೆ, ಅದು ದಾಟಿ ಮನೆಯ ಹಿಂದಿನ ತೆಂಗು ಕಂಡರೆ ಇಲ್ಲಿ ಬಲೆ. ಇವರು ನಮ್ಮ ಮಾರುತಿ ಏಟ್‌ಹಂಡ್ರೆಡನ್ನೂ ಹಾಗೇ ನಡೆಸುತ್ತಿದ್ದರು. ಪ್ರತಿ ಭಾನುವಾರ ಕಾರವಾರದಿಂದ ಅಂಕೋಲೆಗೆ, ನನ್ನ ತವರಿಗೆ ಹೋಗುವಾಗ ಇವರ ಬಾಯಲ್ಲಿ ಗುರುತುಗಳು ಬರುತ್ತಿದ್ದವು. "ಈಗ ಒಣಮೀನು ವಾಸ್ನೆ ಬತ್ತದೆ, ಹಂಗೇ ಎರಡನೇ ಗೇರಿಗೆ ತಿರುವು." ಹಾಗೇ ಬರುತ್ತಿತ್ತು. ನೋಡಿ ಓಡಿಸುವವರಿಗಿಂತ ಚೆನ್ನಾಗಿ ಓಡಿಸುತ್ತಿದ್ದರು.

ಒಂದೇ ಒಂದು ಸಂಗತಿ ವಿಚಿತ್ರವಾಗಿತ್ತು. ನೌಕಾನೆಲೆಗೆ ಜಾಗ ಹೋದ ಮೇಲೆ ಚೆಂಡಿಯಾದ ಕಡೆ ರಸ್ತೆಯೂ ಬದಲಾಯಿತು, ಹಳೆಯ ಗುರುತುಗಳೂ ಹೋದವು. ಹೊಸದಾಗಿ ಒಂದು ತಾತ್ಕಾಲಿಕ ಬೇಲಿಯನ್ನು ಎಡಬದಿಗೆ ಹಾಕಿದ್ದರು. ಇವರು ಎರಡು ಭಾನುವಾರ ಅದನ್ನು ಸವರಿಕೊಂಡು ಹೋದರು. ಮೂರನೆಯ ಭಾನುವಾರ ನಾನು ಮೊದಲೇ "ಬೇಲಿ, ಬೇಲಿ" ಎಂದು ಕೂಗಿದೆ. ಆಮೇಲೆ ಸವರಲಿಲ್ಲ. ನಾನು ಕೂಗುವುದು, ಇವರು "ಕಾಣ್ತದೆ ಮಾರಾಯ್ತಿ, ಸುಮ್ನೆ ಕೂಡು" ಎಂದು ಬೈಯುವುದು ನಮ್ಮ ಸಂಸಾರದಲ್ಲಿ ಉಪ್ಪಿನಕಾಯಿಯಷ್ಟೇ ಮಾಮೂಲಿಯಾಗಿತ್ತು.

ಹೀಗಿರುವಾಗ ಮಸ್ಕತ್ತಿನಲ್ಲಿದ್ದ ನನ್ನ ತಂಗಿ ಶೈಲಾ ಫೋನು ಮಾಡಿದಳು. "ಡಿಸೆಂಬರ್ ರಜೆಗೆ ಬನ್ನಿ ಅಕ್ಕಾ. ಇವ್ರಿಗೆ ರಜೆ ಸಿಕ್ಕೂದಿಲ್ಲ. ಭಾವ ಹೆಂಗೂ ಗಾಡಿ ಬಿಡ್ತ್ರಲ್ಲ, ಬಾಡಿಗೆ ಕಾರು ತಕಂಡು ನೀವೇ ಊರು ನೋಡಿ." ಅವಳ ಗಂಡ ದಿನೇಶ ನಿಯಮದ ಮನುಷ್ಯ. ಅವನು ಫೋನಿನಲ್ಲಿ ಹೇಳಿದ್ದನ್ನೆಲ್ಲ ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಪರವಾನಗಿ, ಪಾಸ್‌ಪೋರ್ಟು, ಬಾಡಿಗೆ ಕಾಗದ ಮೂರೂ ಗಾಡಿಯಲ್ಲೇ ಇರಬೇಕು. ಬೆಲ್ಟು ಕಡ್ಡಾಯ. ಕೆಂಪು ದೀಪ ದಾಟಿದರೆ ಜೈಲು. ಗಾಡಿ ಕೊಳಕಾಗಿದ್ದರೂ ದಂಡ. ವೃತ್ತದಲ್ಲಿ ಒಳಗಿದ್ದವನಿಗೆ ಮೊದಲ ದಾರಿ. ಜೀಬ್ರಾ ಪಟ್ಟೆಯ ಮೇಲೆ ಕಾಲಿಟ್ಟವರಿಗೆ ಎಲ್ಲರೂ ನಿಲ್ಲಬೇಕು. ಎಲ್ಲಕ್ಕಿಂತ ಮೇಲೆ, ಅಲ್ಲಿ ಗಾಡಿ ಹೋಗುವುದು ರಸ್ತೆಯ ಬಲಕ್ಕೆ, ಸ್ಟೇರಿಂಗು ಇರುವುದು ಎಡಕ್ಕೆ.

ಆ ಕೊನೆಯ ವಾಕ್ಯ ನನ್ನ ಮೂರು ತಿಂಗಳ ನಿದ್ದೆ ತಿಂದಿತು. ಪೇಟೆಗೆ ನಡೆದು ಹೋಗುವಾಗಲೂ ಬಲಕ್ಕೆ ನಡೆದು ಅಭ್ಯಾಸ ಮಾಡಿದೆ. ಇವರು ತಿರುವಿನಲ್ಲಿ ಮೈಮರೆತು ಎಡಕ್ಕೆ ಹೊರಳುವ ಚಿತ್ರ ಕಣ್ಣಮುಂದೆ ಬರುತ್ತಲೇ ಇತ್ತು. ಒಂದು ದಿನ ಹೇಳಿಯೇಬಿಟ್ಟೆ, "ಅಲ್ಲಿ ನೀವು ಗಾಡಿ ಮುಟ್ಟೂದು ಬ್ಯಾಡ."

ಇವರು ಬಂಗಡೆಯ ಮುಳ್ಳು ಬಿಡಿಸುತ್ತ ನಕ್ಕರು. "ಸಮುದ್ರದ ಮೇಲೆ ಎದ್ರಿಂದ ಬೋಟು ಬಂದ್ರೆ ಯಾವ ಕಡೆ ತಿರುಗ್ಸುದು ಗೊತ್ತದೆಯಾ ನಿಂಗೆ? ಬಲಕ್ಕೆ. ನಮ್ಮ ಎಡಭುಜ ಅವಂಗೆ ತೋರ್ಸಿ ಹೋಗುದು. ನಂಗೆ ಹತ್ತು ವರ್ಷ ಆದಾಗಿಂದ ಗೊತ್ತದೆ. ಆ ಮಸ್ಕತ್ತಿನವ್ರು ರಸ್ತೆ ಮೇಲೆ ಸಮುದ್ರದ ಕಾಯ್ದೆ ಇಟ್ಟಾರೆ, ಅಷ್ಟೇ."

ಪರವಾನಗಿಗೆ ವೈದ್ಯರ ಸರ್ಟಿಫಿಕೇಟು ಬೇಕಿತ್ತು. ಗೋಡೆಯ ಮೇಲಿನ ಅಕ್ಷರಗಳನ್ನು ಇವರು ಕೊನೆಯ ಸಾಲಿನವರೆಗೆ ಗಡಗಡ ಓದಿದರು. ನಾನು ಮೂರನೆಯ ಸಾಲಿಗೇ ತಡವರಿಸಿದೆ. ನನ್ನ ಪರವಾನಗಿ ಯಾಕೆಂದರೆ, "ಇರ್ಲಿ, ಒಂದೇ ಓಡಾಟದಲ್ಲಿ ಎರಡೂ ಆಯ್ತು" ಎಂದು ಇವರೇ ಹೇಳಿದ್ದು. ನನ್ನ ಲೈಸೆನ್ಸಿನ ಬಳಕೆ ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ, ಅದೂ ಎರಡನೇ ಗೇರಿನಲ್ಲಿ.

ಮಸ್ಕತ್ತಿನಲ್ಲಿ ಬಾಡಿಗೆ ಕಾರಿನ ಅಂಗಡಿಯವನು ಇಬ್ಬರ ಪರವಾನಗಿ ನೋಡಿ ಇಬ್ಬರ ಹೆಸರನ್ನೂ ಕಾಗದದಲ್ಲಿ ಬರೆದ. ನಾನು ನಾಚಿಕೊಂಡೆ. ಹೊರಡುವಾಗ ದಿನೇಶ ನನ್ನನ್ನು ಬದಿಗೆ ಕರೆದು, "ಅಕ್ಕಾ, ಒಂದು ಮಾತು. ಇಲ್ಲಿ ಡ್ರೈವರ್ ಬಗ್ಲಲ್ಲಿ ಕೂತು ಕೂಗೂಕೆ ಹೋಗ್ಬೇಡಿ. ಹೊಸ ರಸ್ತೆ, ಭಾವಂಗೆ ಗಡಿಬಿಡಿ ಆಗ್ತದೆ" ಅಂದ. ನನ್ನ ಕೀರ್ತಿ ಸಮುದ್ರ ದಾಟಿ ಅಲ್ಲಿಗೂ ಮುಟ್ಟಿತ್ತು. ಆಣೆ ಮಾಡಿದೆ. ಬಾಯಿ ತೆರೆಯದಿರಲಿ ಎಂದು ಒಂದು ಲವಂಗವನ್ನು ಹಲ್ಲಿನ ಮಧ್ಯೆ ಇಟ್ಟುಕೊಂಡೆ.

ಇವರು ಹೇಳಿದ್ದು ನಿಜವಾಯಿತು. ಬಲಕ್ಕೆ ಹೋಗುವುದು ಇವರಿಗೆ ನೀರು ಕುಡಿದಷ್ಟು ಸುಲಭವಾಗಿತ್ತು. ತಪ್ಪಿದ್ದು ಒಂದೇ. ನಮ್ಮ ಗಾಡಿಯಲ್ಲಿ ತಿರುಗುವ ದೀಪದ ಕಡ್ಡಿ ಇರುವ ಕಡೆ ಅಲ್ಲಿ ವೈಪರಿನ ಕಡ್ಡಿ. ಮೋಡದ ಸುಳಿವೂ ಇಲ್ಲದ ಆಕಾಶದ ಕೆಳಗೆ, ಪ್ರತಿ ತಿರುವಿಗೂ ನಮ್ಮ ವೈಪರು ಟಕ ಟಕ ಆಡುತ್ತಿತ್ತು. ಮೊದಲ ದಿನ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಾನು ಮೂರು ತಿಂಗಳು ಹೆದರಿದ್ದೆಲ್ಲ ದಂಡವಾಯಿತಲ್ಲ ಎಂದು ಸಮಾಧಾನದ ಜತೆ ಸ್ವಲ್ಪ ಬೇಜಾರೂ ಆಯಿತು.

ಎರಡನೆಯ ದಿನ ಒಂದು ದೊಡ್ಡ ವೃತ್ತಕ್ಕೆ ಬಂದೆವು. ಅಲ್ಲಿ ಎಡಗಡೆಯಿಂದ ಬರುವವರನ್ನು ನೋಡಿ ಒಳಗೆ ಹೋಗಬೇಕು. ಇವರು ನೋಡಿದರು, ಹೋದರು. ಮರುಕ್ಷಣ ಎಡಗಡೆ ಒಂದು ಬಿಳಿ ಗಾಡಿ ಕಿರ್ರೆಂದು ನಿಂತಿತು. ಅದರ ಮೂತಿ ಇವರ ಬಾಗಿಲಿಗೆ ಒಂದು ಮೊಳ ದೂರದಲ್ಲಿತ್ತು. ಆ ಊರಿನಲ್ಲಿ ಹಾರನ್ನೇ ಕೇಳದಿದ್ದ ನಮಗೆ ಅವನ ಹಾರನ್ನು ಎದೆಗೇ ಬಡಿಯಿತು. ಲವಂಗ ಕಚ್ಚಿ ಎರಡು ಹೋಳಾಯಿತು. "ಹೊಸ ಪದ್ಧತಿ ಅಲ್ದಾ" ಅಂದರು ಇವರು. ನಾನೂ ಹೌದೆಂದುಕೊಂಡೆ. ಆ ಸಂಜೆ ಊಟಕ್ಕೆ ಕೂತಾಗ ಎಡಬದಿಯಲ್ಲಿದ್ದ ಶರಬತ್ತಿನ ಗ್ಲಾಸಿಗೆ ಇವರ ಮೊಣಕೈ ಬಡಿದು ಉರುಳಿತು. ಶೈಲಾ ಒರೆಸಿದಳು. ಅದನ್ನೂ ನಾನು ಆಯಾಸಕ್ಕೆ ಹಾಕಿದೆ. ಗಣಿತದ ಟೀಚರು ನಾನು, ಎರಡೂ ಒಂದೇ ಬದಿಗೆ ಎಂಬುದು ತಲೆಗೆ ಹೋಗಲಿಲ್ಲ.

ಮೂರನೆಯ ದಿನ ನಿಜ್ವಾ ಎಂಬ ಊರಿನ ಕೋಟೆ ನೋಡಲು ಹೊರಟೆವು. ಕೋಟೆ ನೋಡಿ, ಖರ್ಜೂರ ಕೊಂಡು, ಮಧ್ಯಾಹ್ನ ಮರಳುವಾಗ ಒಂದು ಹಳ್ಳಿಯ ರಸ್ತೆಗೆ ಇಳಿದೆವು. ಖರ್ಜೂರದ ತೋಟ, ಮಣ್ಣುಬಣ್ಣದ ಮನೆಗಳು. ಮುಂದೆ ಜೀಬ್ರಾ ಪಟ್ಟೆ ಇತ್ತು. ಅದರ ಎಡತುದಿಯಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ನಿಂತಿದ್ದಳು. ಹಸಿರು ಸೆರಗಿನಂಥದ್ದು ಹೊದ್ದಿದ್ದಳು. ನಾನು ಅವಳನ್ನು ದೂರದಿಂದಲೇ ನೋಡಿದೆ. ನಮ್ಮ ಅಂಕೋಲೆಯ ಹೆಂಗಸರ ಹಾಗೇ ಹೊರೆಗೆ ಕೈ ಕೊಡದೆ ನಿಂತಿದ್ದಾಳಲ್ಲ ಎಂದುಕೊಂಡೆ. ಅವಳು ಪಟ್ಟೆಯ ಮೇಲೆ ಕಾಲಿಟ್ಟಳು. ಇವರು ನಿಧಾನ ಮಾಡುತ್ತಾರೆ ಎಂದುಕೊಂಡೆ. ಮಾಡಲಿಲ್ಲ. ಈಗ ಮಾಡುತ್ತಾರೆ ಎಂದುಕೊಂಡೆ. ಬಾಯಿ ಬಿಡಬಾರದು, ಆಣೆ ಮಾಡಿದ್ದೇನೆ. ಅವಳು ರಸ್ತೆಯ ನಡುವಿಗೆ ಬಂದಳು. ಇವರ ಮುಖದಲ್ಲಿ ಯಾವ ಗಾಬರಿಯೂ ಇರಲಿಲ್ಲ, ಖಾಲಿ ರಸ್ತೆಯನ್ನು ನೋಡುವವರ ಹಾಗೆ ಆರಾಮಾಗಿದ್ದರು. ಆ ಆರಾಮು ನೋಡಿ ನಮ್ಮಿಬ್ಬರ ನಡುವೆ ಇದ್ದ ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಎಳೆದೆ.

ಗಾಡಿ ಅಡ್ಡ ಜಾರಿ ನಿಂತಿತು. ಹುಲ್ಲಿನ ಹೊರೆ ನಮ್ಮ ಬಾನೆಟ್ಟಿನ ಮೇಲೆ ಬಿತ್ತು. ಹೆಂಗಸು ಬೀಳಲಿಲ್ಲ. ಎರಡೂ ಅಂಗೈಯನ್ನು ಬಾನೆಟ್ಟಿಗೆ ಊರಿ ನಿಂತಿದ್ದಳು, ಗಾಡಿಯನ್ನು ಅವಳೇ ತಡೆದು ನಿಲ್ಲಿಸಿದ ಹಾಗೆ.

"ಯಾರು ಅದು?" ಅಂದರು ಇವರು. "ಎಲ್ಲಿಂದ ಬಂದ್ಳು ಅವ್ಳು?"

ಆ ಹೆಂಗಸು ಇನ್ನೇನು ಸಾಯುತ್ತಿದ್ದಳು ಎಂಬುದಕ್ಕಿಂತ ಆ ಪ್ರಶ್ನೆಯೇ ನನ್ನನ್ನು ಹೆಚ್ಚು ಹೆದರಿಸಿತು. ಅರ್ಧ ನಿಮಿಷದಿಂದ ನಾನು ಅವಳನ್ನು ನೋಡುತ್ತ ಬಂದಿದ್ದೆ.

ಇಳಿದು ಹೋಗಿ ಕೈಮುಗಿದೆ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ. ಅವಳು ನನ್ನನ್ನು ನೋಡಿದಳು, ಒಳಗೆ ಕೂತ ಇವರನ್ನು ನೋಡಿದಳು, ಏನೋ ಒಂದು ಮಾತು ಹೇಳಿದಳು. ಬೈದಳೋ, ದೇವರನ್ನು ನೆನೆದಳೋ ತಿಳಿಯದು. ಇಬ್ಬರೂ ಸೇರಿ ಹುಲ್ಲು ಒಟ್ಟುಮಾಡಿ ಕಟ್ಟಿದೆವು. ಹೊರೆ ಎತ್ತಿ ತಲೆಗಿಟ್ಟ ಮೇಲೆ ಅವಳು ನನ್ನ ಮಣಿಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೋದಳು.

ಗಾಡಿಯನ್ನು ತೋಟದ ಬೇಲಿಯ ನೆರಳಿಗೆ ಸರಿಸಿ ಕೂತೆವು. ಇವರು ಸ್ಟೇರಿಂಗಿನ ಮೇಲಿಂದ ಕೈ ತೆಗೆದಿರಲಿಲ್ಲ.

"ಎಷ್ಟು ದಿನ ಆಯ್ತು?" ಅಂದೆ.

"ಒಂದು ವರ್ಷದ ಮೇಲೆ ಆಗ್ಲಿಕ್ಕೆ ಬಂತು."

"ಎಂತ ಕಾಣ್ತದೆ?"

"ಎದ್ರಿಗೆ ಚಂದ ಕಾಣ್ತದೆ. ಇರುವೆ ಹೋದ್ರೂ ಕಾಣ್ತದೆ. ಎಡಗಡೆ ಮಾತ್ರ... ಕಪ್ಪು ಅಲ್ಲ. ಕಪ್ಪು ಇದ್ರೆ ಗೊತ್ತಾಗ್ತಿತ್ತು. ಎಂತದೂ ಇಲ್ಲ, ಅಷ್ಟೇ."

"ಮತ್ತೆ ಊರಲ್ಲಿ?"

"ಊರಲ್ಲಿ ರಸ್ತೆ ಬಾಯಿಪಾಠ ಅದೆ. ಹೊಸದು ಎಂತಾರೂ ಇದ್ರೆ ನೀ ಎಡಗಡೆ ಕೂತು ಕೂಗ್ತಿದ್ದೆ. ನಂಗೆ ಸಾಕಾಗ್ತಿತ್ತು. ಇಲ್ಲಿ ನೀ ಬಲಗಡೆ ಕೂತೆ. ಕೂಗೂದೂ ಬಿಟ್ಟೆ."

ನನ್ನ ಜೀವಮಾನದ ಹೆದರಿಕೆ, ಬಸ್ಸಿನವರೆಲ್ಲ ನಕ್ಕ ಆ ಚಾಳಿ, ಒಂದು ವರ್ಷದಿಂದ ಇವರ ಎಡಗಣ್ಣಿನ ಕೆಲಸ ಮಾಡುತ್ತಿತ್ತು. ನನಗೆ ಅದು ತಿಳಿದಿರಲಿಲ್ಲ. ಇವರಿಗೆ ತಿಳಿದಿತ್ತು, ಮತ್ತು ದಿನಾ ಬೈಯುತ್ತಿದ್ದರು. ಸಿಟ್ಟು ತಲೆಗೇರಿತು. "ಹೇಳೂಕೆ ಎಂತಾಗಿತ್ತು ನಿಮ್ಗೆ? ಆ ಹೆಂಗ್ಸು ಸತ್ತಿದ್ರೆ? ಅವ್ಳ ಮನೇಲಿ ದನ ಕಾಯ್ತಾ ಇರ್ತದೆ, ಮಕ್ಳು ಇರ್ತ್ರು. ಎಂತ ಹೇಳ್ತಿದ್ರಿ ಅವ್ರಿಗೆ? ಕಾಗ್ದ ಎಲ್ಲ ಸರಿ ಅದೆ ಅಂತಾ?"

ಕಾಗದ ಎಲ್ಲ ಸರಿ ಇತ್ತು. ಪರವಾನಗಿ, ಸರ್ಟಿಫಿಕೇಟು, ಬೆಲ್ಟು, ವೇಗ. ನನ್ನ ನೋಟ್‌ಬುಕ್ಕಿನ ಪ್ರಕಾರ ನಾವು ಒಂದು ಕೂದಲೆಳೆಯಷ್ಟೂ ತಪ್ಪು ಮಾಡಿರಲಿಲ್ಲ.

ಇವರು ರಸ್ತೆ ನೋಡುತ್ತಲೇ ಹೇಳಿದರು. "ಅಪ್ಪಂಗೆ ಕಣ್ಣು ಹಿಂಗೇ ಹೋದದ್ದು. ಒಂದು ದಿನ ದೋಣಿ ಬಂಡೆಗೆ ತಾಗ್ತು. ಯಾರೂ ಎಂತದೂ ಹೇಳಿಲ್ಲ ಅವ್ರಿಗೆ. ಮರುದಿನ ಬೆಳಿಗ್ಗೆ ಕರೂಕೇ ಬಂದಿಲ್ಲ. ಅವ್ರು ಬುತ್ತಿ ಕಟ್ಕಂಡು ಜಗಲಿ ಮೇಲೆ ಕೂತಿದ್ರು. ದೋಣಿ ಹೋದ ಸಪ್ಪಳ ಕೇಳ್ತು. ಆಮೇಲೆ ಬುತ್ತಿ ಬಿಚ್ಚಿ ಕೋಳಿಗೆ ಹಾಕಿದ್ರು. ನಾ ಅಲ್ಲೇ ಇದ್ದೆ."

ಮಾವನವರನ್ನು ನಾನು ನೋಡಿದ್ದು ಬಲೆಯ ಹರಕು ಕಟ್ಟುವ ಮುದುಕರಾಗಿ ಮಾತ್ರ. ಮಾತಾಡುತ್ತಿರಲಿಲ್ಲ. ನಾನು ಅದನ್ನು ಗರ್ವ ಎಂದುಕೊಂಡಿದ್ದೆ.

ಸಿಟ್ಟು ಇಳಿಯಲಿಲ್ಲ, ಆದರೆ ಅದರ ಜತೆ ಅಳುವೂ ಬಂತು. ಎರಡನ್ನೂ ಮುಗಿಸಿಕೊಂಡು, ಇಳಿದು ಆ ಕಡೆಗೆ ಹೋಗಿ ಬಾಗಿಲು ತೆರೆದು ನಿಂತೆ. "ಆಚೆ ಸರೀರಿ" ಅಂದೆ. ಸರಿದರು.

ಮಸ್ಕತ್ತಿಗೆ ನೂರೈವತ್ತು ಕಿಲೋಮೀಟರಿಗಿಂತ ಹೆಚ್ಚಿತ್ತು. ಒಂದೇ ಸಲಕ್ಕೆ ಅಷ್ಟು ದೂರ ನಾನು ಎಂದೂ ಓಡಿಸಿದವಳಲ್ಲ. ಕಾರು ನಮ್ಮದಲ್ಲ, ದೇಶ ನಮ್ಮದಲ್ಲ, ರಸ್ತೆಯ ಬದಿಯೂ ನಮ್ಮದಲ್ಲ. ಆದರೂ ಕಾಗದದಲ್ಲಿ ನನ್ನ ಹೆಸರಿತ್ತು. ಮೊದಲ ತಿರುವಿಗೆ ವೈಪರು ಹಾಕಿದೆ. ಇಬ್ಬರೂ ನಗಲಿಲ್ಲ. ಎದುರಿನಿಂದ ಲಾರಿ ಬಂದಾಗ ನನ್ನ ಕೈ ತಾನಾಗಿ ಎಡಕ್ಕೆ ಹೊರಳತೊಡಗಿತು. "ನಿನ್ನ ಎಡಭುಜ ತೋರ್ಸು ಅವಂಗೆ" ಅಂದರು ಇವರು, ಮೆಲ್ಲಗೆ. ತೋರಿಸಿದೆ. ಲಾರಿ ಹೋಯಿತು. ಆಮೇಲೆ ಪ್ರತಿ ಗಾಡಿಗೂ ಎಡಭುಜ, ಎಡಭುಜ ಎಂದು ಜಪಿಸುತ್ತ ಹೋದೆ. ಒಂದು ವೃತ್ತದ ಬಾಯಲ್ಲಿ ಒಳಗೆ ಹೋಗಲು ಧೈರ್ಯ ಬಾರದೆ ನಿಂತುಬಿಟ್ಟೆ. ಹಿಂದೆ ಏಳೆಂಟು ಗಾಡಿ ನಿಂತವು. ಒಬ್ಬನೂ ಹಾರನ್ನು ಹಾಕಲಿಲ್ಲ. ನಮ್ಮ ಕಡೆಯವರಿಗೆ ಅಂಥ ಮೌನ ತಡೆಯಲಾಗುವುದಿಲ್ಲ. "ಅವ್ರು ನಿಂತ್ಕಳ್ಳಿ. ನಿಂಗೆ ಆದಾಗ ಹೋಗು" ಅಂದರು ಇವರು. ಬಿಸಿಲಿರುವಾಗಲೇ ಶೈಲಾಳ ಮನೆ ಮುಟ್ಟಿದೆವು. ಸೀಟಿನಿಂದ ಇಳಿಯಲು ದಿನೇಶ ಕೈ ಹಿಡಿಯಬೇಕಾಯಿತು.

ಊರಿಗೆ ಬಂದವರೇ ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಕಣ್ಣಿನ ಒಳಗಿನ ಒತ್ತಡ ಹೆಚ್ಚಾಗಿ ನರ ಸಾಯುವ ಕಾಯಿಲೆ, ತಂದೆಯಿಂದ ಮಗನಿಗೆ ಬರುವಂಥದ್ದು ಅಂದರು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಹನಿ ಔಷಧದಿಂದ ಉಳಿಸಿಕೊಳ್ಳಬಹುದು, ಇನ್ನು ಮೇಲೆ ಗಾಡಿ ಓಡಿಸಬೇಡಿ. ಇವರು ತಲೆಯಾಡಿಸಿದರು. ಮನೆಗೆ ಬಂದು ಕಾರಿನ ಚಾವಿಯನ್ನು ನನ್ನ ಶಾಲೆಯ ಚೀಲದಲ್ಲಿ ಹಾಕಿದರು. ಆ ವಿಷಯ ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದೆ.

ಭಾನುವಾರ ಬಂತು. ನಾನು ಸೀರೆ ಉಟ್ಟು ಸಿದ್ಧಳಾದೆ. ಇವರು ಜಗಲಿಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. "ನೀ ಹೋಗಿ ಬಾ. ಅತ್ತೆಗೆ ಕೇಳ್ದೆ ಅಂತ ಹೇಳು" ಅಂದರು. ಮುಂದಿನ ಭಾನುವಾರವೂ ಅದೇ ಮಾತು. ನಾನು ಬಸ್ಸಿಗೆ ಹೋಗಿ ಬಂದೆ. ಮೂರನೆಯ ಭಾನುವಾರ ಚಾವಿ ತೆಗೆದುಕೊಂಡು ಗಾಡಿ ಹೊರಡಿಸಿದೆ. ಗೇಟಿನವರೆಗೆ ಹೋಯಿತು. ಎಡಗಡೆಯ ಸೀಟು ಖಾಲಿಯಿತ್ತು. ಮುಂದೆ ಬಿಣಗಾ ಘಟ್ಟ, ಆರ್ಗಾ, ಲಾರಿಗಳ ಸಾಲು. ಆಮೇಲೆ ನಾನು ಹೇಳಿದ್ದು ಇವರ ಸಮಾಧಾನಕ್ಕೆ ಎಂದು ನೀವು ತಿಳಿಯಬಾರದು. ನಿಜವಾಗಿಯೂ ಜೀವ ಬಾಯಿಗೆ ಬಂದಿತ್ತು. ಇಂಜಿನ್ ನಿಲ್ಲಿಸಿ, ಇಳಿದು, ಜಗಲಿಯ ಮೆಟ್ಟಿಲವರೆಗೆ ವಾಪಸ್ಸು ಬಂದೆ.

"ನಂಗೆ ಒಬ್ಳಿಗೇ ಹೆದ್ರಿಕೆ ಆಗ್ತದೆ" ಅಂದೆ. "ನೀವು ಬನ್ನಿ."

ಇವರು ಪೇಪರು ಕೆಳಗಿಳಿಸಿ ನನ್ನ ಮುಖ ನೋಡಿದರು. ಸುಳ್ಳೋ ನಿಜವೋ ಎಂದು ನೋಡುತ್ತಿದ್ದರು. ಎದುರಿಗಿದ್ದದ್ದು ಇವರಿಗೆ ಚೆನ್ನಾಗಿಯೇ ಕಾಣುತ್ತಿತ್ತು.

ಎದ್ದರು. ಬಲಗಾಲಿನ ಚಪ್ಪಲಿ ಕೂಡಲೇ ಸಿಕ್ಕಿತು. ಎಡಗಾಲಿನದು ಸ್ವಲ್ಪ ಆಚೆ ಸರಿದಿತ್ತು, ಕಾಲಿನಿಂದ ನೆಲ ತಡವುತ್ತ ಹುಡುಕಿದರು. ನಾನು ತೋರಿಸಲಿಲ್ಲ. ಸಿಗುವವರೆಗೆ ಕಾದು ನಿಂತೆ.